ಕಾವಲುಗಾರರ ಒಂದು ಪ್ರಶ್ನೆ

ಸಂಗಾತಿಯ ಉದ್ಯೋಗದ ನಿಮಿತ್ತ ಹಾಂಗ್‌ಕಾಂಗ್‌ನಂಥ ಕಿಕ್ಕಿರಿದ ನಗರಕ್ಕೆ ಹೋಗಿ, ಕೆಲವೇ ತಿಂಗಳಲ್ಲಿ ಆಪ್ತಸಲಹೆ ಬಯಸಿ ಬರುವವರಲ್ಲಿ ಅನೇಕರ ಮೊದಲ ಮಾತು ‘ಇಲ್ಲಿ ಉಸಿರು ಕಟ್ಟುತ್ತದೆ’ ಎಂಬುದೇ ಆಗಿರುತ್ತದೆ. ಅದನ್ನು ಜಾಗದ ಕುರಿತ ದೂರು ಎಂದು ತಿಳಿದು ಮನೆಯವರು ದೊಡ್ಡ ಫ್ಲ್ಯಾಟ್ ಹುಡುಕಲು ಹೊರಡುತ್ತಾರೆ. ಮೊದಮೊದಲು ನಾನೂ ಹಾಗೆಯೇ ತಿಳಿದಿದ್ದೆ. ಆ ತಿಳಿವಳಿಕೆಯನ್ನು ತಿದ್ದಿದ ಪ್ರಕರಣವೊಂದನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆಯುತ್ತಿದ್ದೇನೆ.

ಆಕೆಗೆ ಮೂವತ್ತು ದಾಟಿತ್ತು. ಹಾಂಗ್‌ಕಾಂಗ್ ದ್ವೀಪದ ಉತ್ತರ ದಂಡೆಯ ಬಹುಮಹಡಿ ಕಟ್ಟಡದಲ್ಲಿ ವಾಸ. ಉದ್ಯೋಗ ವೀಸಾ ಪಡೆದವರ ಸಂಗಾತಿಗೆ ಅಲ್ಲಿ ಕೆಲಸ ಮಾಡಲು ಅಡ್ಡಿಯಿಲ್ಲವಾದ್ದರಿಂದ, ‘ಸುಮ್ಮನೆ ಯಾಕೆ ಕೂತಿದ್ದೀಯ’ ಎಂಬ ಮಾತನ್ನೂ ಕೇಳಬೇಕಾಗಿತ್ತು. ಎದೆಬಡಿತ, ನಿದ್ರಾಹೀನತೆಗಳಿದ್ದುದರಿಂದ ಮೊದಲು ವೈದ್ಯರ ಬಳಿ ಕಳುಹಿಸಿ ಹೃದಯ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ದೋಷವೇನೂ ಕಾಣಲಿಲ್ಲ.

ಮೂರನೆಯ ಭೇಟಿಯಲ್ಲಿ, ದಿನಕ್ಕೆ ಎಷ್ಟು ಸಲ ಹೊರಗೆ ಹೋಗುತ್ತೀರಿ ಎಂದು ಕೇಳಿದೆ. ‘ಮೂರು ನಾಲ್ಕು ಸಲ ಹೊರಡ್ತೀನಿ ಮೇಡಂ’ ಎಂದರು. ಹೋಗುತ್ತೇನೆ ಎನ್ನಲಿಲ್ಲ, ಹೊರಡುತ್ತೇನೆ ಎಂದರು. ಕೆದಕಿದಾಗ ತಿಳಿದದ್ದಿಷ್ಟು: ಲಿಫ್ಟಿನಲ್ಲಿ ಕೆಳಗಿಳಿಯುತ್ತಿದ್ದರು, ಮೇಜಿನ ಹಿಂದೆ ಕುಳಿತ ವಯಸ್ಸಾದ ಕಾವಲುಗಾರ ಗಟ್ಟಿ ದನಿಯಲ್ಲಿ ಏನನ್ನೋ ಕೇಳುತ್ತಿದ್ದ, ಮೊಬೈಲ್ ಮರೆತವರಂತೆ ನಟಿಸಿ ಹಿಂದಿರುಗುತ್ತಿದ್ದರು. ಮೇಲೇರುವಾಗ ಉಸಿರು ಹಿಡಿದು ಮಹಡಿಗಳನ್ನು ಎಣಿಸುತ್ತಿದ್ದುದರಿಂದ, ಲಿಫ್ಟಿನ ಗುಂಡಿಗಳಲ್ಲಿ 4, 14, 24 ಇಲ್ಲವೆಂಬುದೂ ಅವರ ಕಣ್ಣಿಗೆ ಬಿದ್ದಿತ್ತು. ಕ್ಯಾಂಟನೀಸ್ ಭಾಷೆಯಲ್ಲಿ ನಾಲ್ಕು ಎಂಬ ಪದದ ಉಚ್ಚಾರ ಸಾವು ಎಂಬ ಪದವನ್ನು ಹೋಲುವುದರಿಂದ ಅಲ್ಲಿನ ಅನೇಕ ಕಟ್ಟಡಗಳು ಆ ಸಂಖ್ಯೆಗಳನ್ನು ಬಿಟ್ಟಿರುತ್ತವೆ. ‘ಕಟ್ಟಡವೇ ಸುಳ್ಳು ಹೇಳುತ್ತೆ’ ಎಂದಿದ್ದರು ಆಕೆ.

ಕಾವಲುಗಾರ ಏನು ಕೇಳುತ್ತಾನೆ ಎಂದೆ. ‘ಯಾವ ಮನೆಯವಳು, ಎಲ್ಲಿಗೆ ಹೊರಟೆ ಅಂತ ಕೇಳ್ತಾನೆ ಅನ್ಸುತ್ತೆ. ಬೈದ ಹಾಗೇ ಇರುತ್ತೆ’ ಎಂದು ಆ ಸದ್ದನ್ನು ಅನುಕರಿಸಿದರು: ‘ಸಿಕ್ ಜೋ ಫಾನ್ ಮೇ’. ಆ ಭಾಷೆ ನನಗೂ ಬಾರದು. ಬಲ್ಲವರಿಂದ ಅರ್ಥ ತಿಳಿದು ಬನ್ನಿ ಎಂದಷ್ಟೇ ಹೇಳಿದೆ.

ಮುಂದಿನ ವಾರ ಪರದೆಯ ಮೇಲೆ ಕಂಡ ಮುಖ ಕೆಂಪಾಗಿತ್ತು. ‘ಊಟ ಆಯ್ತಾ ಅಂತ ಮೇಡಂ. ಅಷ್ಟೇ. ಊಟ ಆಯ್ತಾ ಅಂತ ಕೇಳಿದವರಿಗೆ ಹೆದರಿ ಐದು ತಿಂಗಳು ವಾಪಸ್ ಬಂದಿದ್ದೀನಿ!’

ಅವರು ನಗುವರೆಂದು ನಾನು ಎಣಿಸಿದ್ದೆ; ಅವರಿಗೆ ಬಂದದ್ದು ತಮ್ಮ ಮೇಲೆಯೇ ಸಿಟ್ಟು. ಹಿಂದಿನ ವಾರದ ಮಾತಿನಲ್ಲಿ ‘ಕೇಳ್ತಾನೆ’ ಆಗಿದ್ದವನು ಈಗ ‘ಕೇಳಿದವರು’ ಆಗಿದ್ದುದನ್ನು ಗಮನಿಸಿದರೂ ಹೇಳಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ. ಅರ್ಥ ತಿಳಿಯದ ಗಟ್ಟಿ ದನಿಗೆ ಮನಸ್ಸು ತನ್ನ ಭಯಕ್ಕೆ ಹೊಂದುವ ಅರ್ಥವನ್ನೇ ಕಟ್ಟಿಕೊಳ್ಳುತ್ತದೆ ಎಂದೆ. ಪ್ರತಿ ಸಲ ಹಿಂದಿರುಗಿದಾಗ ಸಿಗುವ ನಿರಾಳವೇ, ಅಪಾಯ ನಿಜವಾಗಿತ್ತು, ತಪ್ಪಿಸಿಕೊಂಡೆ ಎಂಬ ಪಾಠವನ್ನು ಮನಸ್ಸಿಗೆ ಕಲಿಸುತ್ತಾ ಹೋಗುತ್ತದೆ ಎಂದೂ ವಿವರಿಸಿದೆ.

ಮನೆ ಬದಲಿಸಿ ಎಂದಾಗಲೀ ಊರಿಗೆ ಮರಳಿ ಎಂದಾಗಲೀ ನಾನು ಸಲಹೆ ಕೊಡಲಿಲ್ಲ. ಹೇಳಿದ್ದಿಷ್ಟು: ದಿನವೂ ಅದೇ ಹೊತ್ತಿಗೆ ಇಳಿದು, ಕೇಳಿದವರಿಗೆ ‘ಸಿಕ್ ಜೋ’, ಅಂದರೆ ಆಯಿತು ಎಂದು ಉತ್ತರಿಸಿ, ಟ್ರಾಮಿನ ಮೇಲಂತಸ್ತಿನಲ್ಲಿ ಕುಳಿತು ಎರಡು ನಿಲ್ದಾಣ ಹೋಗಿ ಬರಬೇಕು. ಎದೆ ಬಡಿದುಕೊಂಡರೆ ಅದು ತಗ್ಗುವವರೆಗೆ ಇಳಿಯಬಾರದು. 1904ರಿಂದ ಓಡುತ್ತಿರುವ ಆ ಟ್ರಾಮುಗಳ ವೇಗ ಕಡಿಮೆ, ಕಿಟಕಿ ತೆರೆಯುತ್ತದೆ, ನಿಲ್ದಾಣಗಳು ಹತ್ತಿರ ಹತ್ತಿರ. ಅದೇ ಹೊತ್ತು ಎಂದದ್ದಕ್ಕೂ ಕಾರಣವಿದೆ. ದಿನವೂ ಒಂದೇ ರೈಲು ನಿಲ್ದಾಣದಲ್ಲಿ ನಿಲ್ಲುವವರು ಮಾತಾಡದೆಯೇ ಪರಸ್ಪರರ ಮುಖ ಬಲ್ಲವರಾಗಿರುತ್ತಾರೆ ಎಂಬುದನ್ನು ಮನಶ್ಶಾಸ್ತ್ರಜ್ಞ ಸ್ಟ್ಯಾನ್ಲಿ ಮಿಲ್‌ಗ್ರಾಂ 1972ರಲ್ಲಿ ಗುರುತಿಸಿದ್ದರು. ದೊಡ್ಡ ನಗರದಲ್ಲಿ ಬೇರೂರುವುದಕ್ಕೆ ಗೆಳೆತನಕ್ಕಿಂತ ಮೊದಲು ಬೇಕಾದದ್ದು ಈ ಮುಖಪರಿಚಯವೆಂದು ನಾನು ನಂಬಿದ್ದೇನೆ.

ಕನ್ನಡದವರ ಕೂಟಕ್ಕೆ ಮೊದಲು ಕಳುಹಿಸಬೇಕಿತ್ತೆಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಆ ಕೂಟಗಳ ಬಗ್ಗೆ ನನಗೆ ತಾತ್ಸಾರವಿಲ್ಲ. ಆದರೆ ವಾರಕ್ಕೊಮ್ಮೆ ನಮ್ಮವರ ನಡುವೆ ಕುಳಿತು ಬಂದವರಿಗೆ ಉಳಿದ ಆರು ದಿನವೂ ಇಳಿಯಬೇಕಾದದ್ದು ಅದೇ ಲಿಫ್ಟು. ಬೆಟ್ಟಗಳನ್ನೂ ಬೇಕೆಂದೇ ತಡವಾಗಿ ಸೂಚಿಸಿದೆ. ಸುಮಾರು 1,100 ಚದರ ಕಿ.ಮೀ. ವಿಸ್ತೀರ್ಣದ ಹಾಂಗ್‌ಕಾಂಗ್‌ನಲ್ಲಿ ಕಟ್ಟಡ, ರಸ್ತೆಗಳು ಆವರಿಸಿರುವುದು ಹೆಚ್ಚೆಂದರೆ ಕಾಲು ಭಾಗ, ಶೇ. 40ರಷ್ಟು ನೆಲ ರಕ್ಷಿತ ಕಾಡುಗುಡ್ಡ. ಟ್ರಾಮಿನ ಪೂರ್ವದ ಕೊನೆಯಾದ ಶೌ ಕೀ ವಾನ್‌ನಿಂದ 9ನೇ ನಂಬರಿನ ಬಸ್ಸು ಡ್ರ್ಯಾಗನ್ಸ್ ಬ್ಯಾಕ್ ಚಾರಣದ ಹಾದಿಗೇ ಒಯ್ಯುತ್ತದೆ. ಆದರೆ ಬೀದಿಗೆ ಒಗ್ಗುವ ಮೊದಲೇ ಬೆಟ್ಟ ಹತ್ತಿಸಿದ್ದರೆ, ಆಕೆಗೆ ಅದು ಇನ್ನೊಂದು ಅಡಗುತಾಣವಾಗುತ್ತಿತ್ತು.

ಟ್ರಾಮ್ ಹತ್ತುವುದನ್ನು ಕಲಿಸಲು ಇಷ್ಟೊಂದು ಭೇಟಿಗಳು ಬೇಕೇ ಎಂದು ಆಕೆಯ ಪತಿ ಕೇಳಿದ್ದೂ ಉಂಟು. ಬೇಕಾದವು.

ಸಂಜೆ ಆರರ ಮೆಟ್ರೋ ನೂಕುನುಗ್ಗಲಿನಲ್ಲಿ ಆಕೆಗೆ ಇಂದಿಗೂ ಉಸಿರು ಕಟ್ಟುತ್ತದೆ. ಕೊನೆಯ ಭೇಟಿಯಲ್ಲಿ ಅದನ್ನು ಹೇಳುತ್ತಾ, ಹಳೆಯ ಕಾವಲುಗಾರರು ಕೆಲಸ ಬಿಟ್ಟ ಸುದ್ದಿಯನ್ನೂ ತಿಳಿಸಿದರು. ‘ಹೊಸಬರು ತಲೆ ಎತ್ತೋದೇ ಇಲ್ಲ ಮೇಡಂ. ನಿನ್ನೆ ನಾನೇ ಕೇಳಿದೆ, ಊಟ ಆಯ್ತಾ ಅಂತ.’