ಲ್ಯಾಪ್‌ಟಾಪಿಗೆ ಮಾತ್ರ ಯಾಕೀ ಮುನಿಸು?

ಪ್ರಶ್ನೆ: ಮನೆಯ ಮೊಬೈಲ್‌ಗಳಿಗೆಲ್ಲ ವೈಫೈ ಚೆನ್ನಾಗಿ ಸಿಗುತ್ತದೆ. ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಆಗಾಗ ಕಡಿದುಹೋಗುತ್ತದೆ. ಹೊಸ ರೌಟರ್ ಕೊಳ್ಳಬೇಕೆ?

ಉತ್ತರ: ಸದ್ಯಕ್ಕೆ ಬೇಡ. ಮೊಬೈಲ್‌ಗಳು ಸರಿಯಿದ್ದ ಮೇಲೆ ರೌಟರನ್ನು ಅನುಮಾನಿಸುವುದು ಕೊನೆಗೆ. ಮೊದಲು ವಿಂಡೋಸ್‌ನ ಡಿವೈಸ್ ಮ್ಯಾನೇಜರ್ (ಲ್ಯಾಪ್‌ಟಾಪಿನ ಬಿಡಿಭಾಗಗಳ ಪಟ್ಟಿ) ತೆರೆದು, ನೆಟ್‌ವರ್ಕ್ ಅಡಾಪ್ಟರ್‌ಗಳ ಕೆಳಗಿರುವ ವೈಫೈ ಕಾರ್ಡಿನ ಪ್ರಾಪರ್ಟೀಸ್ ನೋಡಿ. ಅಲ್ಲಿ ಪವರ್ ಮ್ಯಾನೇಜ್‌ಮೆಂಟ್ ಎಂಬ ಟ್ಯಾಬ್ ಇದ್ದರೆ (ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಇರುವುದಿಲ್ಲ), ವಿದ್ಯುತ್ ಉಳಿಸಲು ಕಾರ್ಡನ್ನು ಆಫ್ ಮಾಡಬಹುದೆಂಬ ಅನುಮತಿಯ ಟಿಕ್ ತೆಗೆಯಿರಿ. ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಹೊಸ ಡ್ರೈವರ್ (ವೈಫೈ ಕಾರ್ಡನ್ನು ನಡೆಸುವ ತಂತ್ರಾಂಶ) ಹಾಕಿಕೊಳ್ಳಿ.

ಇಷ್ಟಕ್ಕೂ ಬಗ್ಗದಿದ್ದರೆ, ಲ್ಯಾಪ್‌ಟಾಪಿಗೆ ಏನೇನು ಸಿಕ್ಕಿಸಿದ್ದೀರಿ ನೋಡಿ. ನನ್ನದು ಎರಡು ವಾರ ಹೀಗೇ ಸತಾಯಿಸಿತ್ತು. ಡ್ರೈವರನ್ನು ಮೂರು ಸಲ ತೆಗೆದು ಹಾಕಿದ್ದೇ ಬಂತು! ಕಳ್ಳ ಇದ್ದದ್ದು ಮಗ್ಗುಲಲ್ಲೇ: ಗಿಡ್ಡ ಕೇಬಲ್ಲಿನಲ್ಲಿ ನೇತಾಡುತ್ತಿದ್ದ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್. ಫೈಲ್ ನಕಲಾಗತೊಡಗಿದರೆ ಸಾಕು, ವೈಫೈ ಗೆರೆಗಳು ಒಂದೊಂದಾಗಿ ಕುಸಿಯುತ್ತಿದ್ದವು. ಯುಎಸ್‌ಬಿ 3.0 ಹೊರಸೂಸುವ ರೇಡಿಯೋ ಗದ್ದಲ 2.4 ಗಿಗಾಹರ್ಟ್ಸ್ ಸುತ್ತಮುತ್ತಲೂ ಹರಡುತ್ತದೆ, ವೈಫೈಯ ಹಳೇ ಬ್ಯಾಂಡೂ (ಅದು ಬಳಸುವ ರೇಡಿಯೋ ಅಲೆಗಳ ಪಟ್ಟಿ) ಅದೇ. ಉದ್ದದ ಕೇಬಲ್ ಹಾಕಿ ಡಿಸ್ಕನ್ನು ಮೇಜಿನ ಆಚೆ ತುದಿಗೆ ತಳ್ಳಿದೆ, ಕಾಟ ನಿಂತಿತು.

ರೌಟರ್‌ನಲ್ಲಿ 5 ಗಿಗಾಹರ್ಟ್ಸ್ ಬ್ಯಾಂಡ್ ಇದ್ದರೆ ಲ್ಯಾಪ್‌ಟಾಪನ್ನು ಅದಕ್ಕೆ ಜೋಡಿಸಿ. ಗೋಡೆ ದಾಟುವುದರಲ್ಲಿ ಅದು ಸ್ವಲ್ಪ ಸೋಮಾರಿ, ಒಂದೇ ಕೋಣೆಯಲ್ಲಾದರೆ ಚಿಂತೆಯಿಲ್ಲ. 2.4ರಲ್ಲೇ ಇರಬೇಕಾದರೆ ರೌಟರ್ ಸೆಟ್ಟಿಂಗ್‌ನಲ್ಲಿ 1, 6, 11ರಲ್ಲಿ ಯಾವ ಚಾನೆಲ್‌ಗೆ ನೆರೆಯವರ ದಟ್ಟಣೆ ಕಮ್ಮಿಯೋ ಅದನ್ನು ಆರಿಸಿ. ಈ ಮೂರು ಒಂದರ ಮೇಲೊಂದು ಬೀಳುವುದಿಲ್ಲ.