ಓದುಗರ ಪ್ರಶ್ನೆ: ಎಲೆಯ ಕಹಿ ರೋಗಾಣುವಿಗೆ ಮದ್ದೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಮಕ್ಕಳಿಗೆ ಸೀತಾಳೆ ಸಿಡುಬು ಬಂದಾಗ ಅಮ್ಮ ಕಹಿಬೇವಿನ ಎಲೆ ಹಾಸಿ ಮಲಗಿಸುತ್ತಿದ್ದರು, ಗುಳ್ಳೆಗಳು ಒಣಗಿದ ಮೇಲೆ ಅದೇ ಎಲೆ ಕುದಿಸಿದ ನೀರಿನಲ್ಲಿ ಮೀಯಿಸುತ್ತಿದ್ದರು. ಈಗ ಬಿ.ಎಸ್ಸಿ. ಓದುತ್ತಿರುವ ಮಗಳು ಅದೇ ಮರದ ಎಲೆಯನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಪರೀಕ್ಷಿಸಿದಾಗ, ಆಲ್ಕೋಹಾಲಿನಲ್ಲಿ ನೆನೆಸಿ ತೆಗೆದ ಸಾರ ಬ್ಯಾಕ್ಟೀರಿಯಾಗಳನ್ನು ತಡೆಯಿತಂತೆ, ನೀರಿನ ಕಷಾಯ ಏನೂ ಮಾಡಲಿಲ್ಲವಂತೆ. ಹಾಗಾದರೆ ಅಮ್ಮ ಮಾಡಿದ್ದೆಲ್ಲ ವ್ಯರ್ಥವೇ?
— ಓದುಗರೊಬ್ಬರು, ಬದಿಯಡ್ಕ

ಉತ್ತರ: ವ್ಯರ್ಥವೆಂದು ಹೇಳಲಾರೆ. ಆದರೆ ಅಮ್ಮನ ಆರೈಕೆ ಮಾಡಿದ ಕೆಲಸ ಬೇರೆ, ಮಗಳ ಪರೀಕ್ಷೆ ಅಳೆದದ್ದು ಬೇರೆ. ನಮ್ಮ ಕಡೆ ಒಗ್ಗರಣೆಯ ಎಲೆಯನ್ನೂ ಬೇವಿನಸೊಪ್ಪು ಎಂದೇ ಕರೆಯುವ ರೂಢಿಯಿರುವುದರಿಂದ, ಇಲ್ಲಿರುವುದು ಕಹಿಬೇವಿನ ವಿಚಾರವೆಂದು ಮೊದಲೇ ಸ್ಪಷ್ಟಪಡಿಸುತ್ತೇನೆ.

ನಮ್ಮ ರಕ್ತದಲ್ಲಿ ಸಂಚರಿಸುವ ಬಿಳಿ ಕಣಗಳಂಥ ಕಾವಲುಗಾರರು ಮರಗಳಿಗಿಲ್ಲ. ಆದ್ದರಿಂದ ಎಲೆಯು ಶಿಲೀಂಧ್ರ, ಬ್ಯಾಕ್ಟೀರಿಯಾ ಮತ್ತು ಹುಳುಗಳಿಗೆ ಒಗ್ಗದ ರಾಸಾಯನಿಕಗಳನ್ನು ತಾನೇ ತಯಾರಿಸಿ ಇಟ್ಟುಕೊಳ್ಳುತ್ತದೆ. ಕಹಿಬೇವಿನ ಎಲೆಯಲ್ಲಿ ನಿಂಬೊಲೈಡ್ ಎಂಬ ಕಹಿ ಪದಾರ್ಥವಿದೆ, ಕ್ವೆರ್ಸೆಟಿನ್ ಮೊದಲಾದ ಫ್ಲೇವನಾಯ್ಡುಗಳೆಂಬ ಸಸ್ಯ ಪದಾರ್ಥಗಳಿವೆ, ಬಾಯಿ ಒಗರಾಗಿಸುವ ಟ್ಯಾನಿನ್‌ಗಳಿವೆ. ಕೀಟನಿವಾರಣೆಗೆ ಹೆಸರಾದ ಅಜಾಡಿರಾಕ್ಟಿನ್ ಮಾತ್ರ ಮುಖ್ಯವಾಗಿ ಬೀಜದಲ್ಲಿರುತ್ತದೆ. ಇವುಗಳಲ್ಲಿ ಟ್ಯಾನಿನ್‌ಗಳು ನೀರಿಗೆ ಸುಲಭವಾಗಿ ಇಳಿಯುತ್ತವೆ, ನಿಂಬೊಲೈಡಿನಂಥವು ಆಲ್ಕೋಹಾಲಿಗೆ ಇಳಿಯುವಷ್ಟು ನೀರಿಗೆ ಇಳಿಯುವುದಿಲ್ಲ. ಒಂದೇ ಮರದ ಒಂದೇ ಎಲೆಯಾದರೂ ನಿಮ್ಮ ಮಗಳ ಕೈಯಲ್ಲಿದ್ದ ಎರಡು ಸಾರಗಳು ಎರಡು ಬೇರೆ ಬೇರೆ ಮದ್ದುಗಳೆಂದೇ ತಿಳಿಯಬೇಕು.

ಈ ಮಾತಿಗೆ ನಾನು ಸದಾ ನೆನೆಯುವ ಉದಾಹರಣೆಯೊಂದಿದೆ. ನಮ್ಮ ಮಾಚಿಪತ್ರೆಯ ಹತ್ತಿರದ ಬಂಧುವಾದ ಗಿಡವೊಂದನ್ನು ಚೀನಾದಲ್ಲಿ ಜ್ವರಕ್ಕೆ ಬಳಸುವ ಪದ್ಧತಿ ಹಿಂದಿನಿಂದಲೂ ಇತ್ತು. ಅದನ್ನು ಬಿಸಿ ಮಾಡಿ ತೆಗೆದ ಸಾರದಲ್ಲಿ ಗುಣ ಸರಿಯಾಗಿ ಕಾಣದಿದ್ದಾಗ, ತೂ ಯೂಯೂ ಎಂಬ ವಿಜ್ಞಾನಿ ಹಳೆಯ ಗ್ರಂಥವೊಂದರಲ್ಲಿ ಗಿಡವನ್ನು ನೀರಿನಲ್ಲಿ ನೆನೆಸಿ ಹಿಂಡಿ ರಸ ಕುಡಿಯಬೇಕೆಂದಿರುವುದನ್ನು ಓದಿ, ಕಡಿಮೆ ಶಾಖದಲ್ಲಿ ಈಥರ್ ಎಂಬ ದ್ರಾವಕ ಬಳಸಿ ಸಾರ ತೆಗೆದರು. ಹೀಗೆ 1972ರಲ್ಲಿ ದೊರೆತ ಆರ್ಟಿಮಿಸಿನಿನ್ ಮಲೇರಿಯಾಕ್ಕೆ ಮದ್ದಾಯಿತು, 2015ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. ಮಲೇರಿಯಾದ ಪರಾವಲಂಬಿ ಬ್ಯಾಕ್ಟೀರಿಯಾವಲ್ಲ ಎಂಬುದು ನಿಜ, ಆದರೂ ಎಲೆಯಿಂದ ಸಾರ ತೆಗೆಯುವ ಕ್ರಮಕ್ಕೆ ಎಷ್ಟು ಬೆಲೆಯಿದೆಯೆಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಪ್ರಸಂಗ ನನಗೆ ಗೊತ್ತಿಲ್ಲ.

ಮಗಳಿಗೊಂದು ಮಾತು. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಯ ಮೇಲೆ, ಸಾರದಲ್ಲಿ ಅದ್ದಿ ಇಟ್ಟ 6 ಮಿಲಿಮೀಟರಿನ ಕಾಗದದ ಬಿಲ್ಲೆಯ ಸುತ್ತ, ಮಬ್ಬಾಗಿ ಹರಡಿದ ಬ್ಯಾಕ್ಟೀರಿಯಾಗಳ ನಡುವೆ, ತಿಳಿಯಾದ ಉಂಗುರ ಮೂಡಿದ್ದನ್ನು ಕಂಡಾಗ ಆಗುವ ಸಂತೋಷ ದೊಡ್ಡದು. ಆದರೆ ಎಲೆಯ ಸಾರವಿಲ್ಲದೆ ಬರೀ ಆಲ್ಕೋಹಾಲಿನಲ್ಲಿ ಅದ್ದಿ ಒಣಗಿಸಿದ ಇನ್ನೊಂದು ಬಿಲ್ಲೆಯನ್ನೂ ಅದೇ ತಟ್ಟೆಯಲ್ಲಿ ಇಟ್ಟಿದ್ದಳೇ ಎಂದು ಕೇಳಿ. ಅದರ ಸುತ್ತಲೂ ಉಂಗುರ ಮೂಡಿದ್ದರೆ ಕೀರ್ತಿ ಆಲ್ಕೋಹಾಲಿಗೆ ಸೇರಬೇಕು, ಬೇವಿಗಲ್ಲ.

ಇನ್ನು ಅಮ್ಮನ ವಿಚಾರ. ಸೀತಾಳೆ ಸಿಡುಬು ವೈರಸ್ಸಿನಿಂದ ಬರುವ ರೋಗ. ಬ್ಯಾಕ್ಟೀರಿಯಾಗಳ ಮೇಲೆ ನಡೆಸಿದ ಪರೀಕ್ಷೆ ಅದರ ಬಗ್ಗೆ ಯಾವ ತೀರ್ಪನ್ನೂ ಕೊಡಲಾರದು. ಮಕ್ಕಳು ತುರಿಸಿಕೊಂಡು ಗುಳ್ಳೆ ಒಡೆದಾಗ ಅಲ್ಲಿ ಬ್ಯಾಕ್ಟೀರಿಯಾ ಸೇರಿ ಕೀವಾಗುವುದೇ ಹೆಚ್ಚಾಗಿ ಕಾಣುವ ತೊಂದರೆ. ಕುದಿಸಿ ಆರಿಸಿದ ಶುಚಿಯಾದ ನೀರು, ನಿತ್ಯ ಬದಲಿಸುವ ಹಾಸು, ಮಗುವಿನ ಪಕ್ಕ ಸದಾ ಕುಳಿತು ತುರಿಸದಂತೆ ಕೈ ಹಿಡಿಯುವ ಒಬ್ಬರು, ಇವೆಲ್ಲ ಆ ತೊಂದರೆಯನ್ನು ನಿಜವಾಗಿಯೂ ತಗ್ಗಿಸುತ್ತವೆ.

ಪ್ರಶ್ನೆ: ಹೊಟ್ಟೆ ಕೆಟ್ಟಾಗ ಪೇರಳೆಯ ಕುಡಿ ಎಲೆಯ ಕಷಾಯ ಕುಡಿದರೆ ನಿಲ್ಲುತ್ತದೆ. ಅದು ರೋಗಾಣುವನ್ನು ಕೊಲ್ಲುವುದರಿಂದಲೇ?
— ಮುಳ್ಳೇರಿಯ

ಉತ್ತರ: ಅದೊಂದೇ ಕಾರಣವಲ್ಲ. ಪೇರಳೆ ಎಲೆಯ ಸಾರ ತಟ್ಟೆಯಲ್ಲಿ ಕೆಲವು ಬ್ಯಾಕ್ಟೀರಿಯಾಗಳನ್ನು ತಡೆಯುತ್ತದೆ ಎಂಬುದು ಸರಿ. ಆದರೆ ಅದರಲ್ಲಿರುವ ಕ್ವೆರ್ಸೆಟಿನ್ ಕರುಳಿನ ಸೆಳೆತವನ್ನೂ ಸಡಿಲಿಸುತ್ತದೆ, ಟ್ಯಾನಿನ್ ಪ್ರೋಟೀನುಗಳಿಗೆ ಅಂಟಿಕೊಂಡು ಒಗರಿನ ಗುಣ ತೋರುತ್ತದೆ. ಭೇದಿ ಕಡಿಮೆಯಾಯಿತೆಂದ ಮಾತ್ರಕ್ಕೆ ರೋಗಾಣು ಸತ್ತಿತೆಂದು ಅರ್ಥವಲ್ಲ. ಪ್ರಾಣಕ್ಕೆ ಅಪಾಯ ತರುವುದು ನೀರು ಮತ್ತು ಲವಣದ ನಷ್ಟವಾದ್ದರಿಂದ, ಕಷಾಯ ಕೊಟ್ಟರೂ ಕೊಡದಿದ್ದರೂ ಓಆರ್‌ಎಸ್ ಕೊಡಲೇಬೇಕು. ಪೊಟ್ಟಣ ಸಿಗದ ಹೊತ್ತಿನಲ್ಲಿ 1 ಲೀಟರ್ ಶುದ್ಧ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಕುಡಿಸಬಹುದು. ಮಲದಲ್ಲಿ ರಕ್ತ ಕಂಡರೆ, ಜ್ವರವಿದ್ದರೆ ಅಥವಾ ಮಗು ಮಂಕಾದರೆ ವೈದ್ಯರಲ್ಲಿಗೆ ಹೋಗಲು ತಡಮಾಡಬಾರದು.

ಪ್ರಶ್ನೆ: ಬ್ಯಾಕ್ಟೀರಿಯಾಗಳು ಆ್ಯಂಟಿಬಯೋಟಿಕ್‌ಗಳಿಗೆ ಒಗ್ಗಿಕೊಳ್ಳುತ್ತಿವೆ ಎನ್ನುತ್ತಾರೆ. ಎಲೆಯ ಮದ್ದಿನಿಂದ ಆ ಜಾಗವನ್ನು ತುಂಬಬಹುದೇ?
— ಮಂಜೇಶ್ವರ

ಉತ್ತರ: ನೇರವಾಗಿ ತುಂಬಲಾಗದು, ಕಾರಣ ಪ್ರಮಾಣ. ಆ್ಯಂಟಿಬಯೋಟಿಕ್ ಮೈಕ್ರೋಗ್ರಾಮುಗಳಲ್ಲಿ ಮಾಡುವ ಕೆಲಸಕ್ಕೆ ಎಲೆಯ ಸಾರ ಅನೇಕ ವೇಳೆ ಮಿಲಿಗ್ರಾಮುಗಳಲ್ಲಿ ಬೇಕಾಗುತ್ತದೆ. ಅಂದರೆ ನೂರಾರು ಪಟ್ಟು ಹೆಚ್ಚು. ಅಷ್ಟನ್ನು ರಕ್ತಕ್ಕೆ ತಲುಪಿಸಲು ಹೋದರೆ ರೋಗಾಣುವಿಗಿಂತ ಮೊದಲು ನಮ್ಮ ಯಕೃತ್ತು ಬಳಲೀತು.

ಆದರೂ ನನಗೆ ಈ ಸಂಶೋಧನೆಯಲ್ಲಿ ದೊಡ್ಡ ಭರವಸೆಯಿದೆ. ನಮ್ಮ ಮರದರಿಶಿನದಲ್ಲಿರುವ ಹಳದಿ ಪದಾರ್ಥವಾದ ಬರ್ಬೆರಿನ್ ಬ್ಯಾಕ್ಟೀರಿಯಾಗಳನ್ನು ಕೊಲ್ಲಬಲ್ಲದಾದರೂ, ಅನೇಕ ಬ್ಯಾಕ್ಟೀರಿಯಾಗಳು ತಮ್ಮ ಪೊರೆಯಲ್ಲಿರುವ ಪಂಪಿನಂಥ ವ್ಯವಸ್ಥೆಯಿಂದ ಅದನ್ನು ಹೊರಗೆ ಚೆಲ್ಲಿಬಿಡುತ್ತವೆ. ಬರ್ಬೆರಿನ್ ತಯಾರಿಸುವ ಬಾರ್ಬೆರಿ ಜಾತಿಯ ಕೆಲವು ಗಿಡಗಳ ಎಲೆಯಲ್ಲಿ, ತಾನೇ ರೋಗಾಣುವನ್ನು ಕೊಲ್ಲದ, ಆದರೆ ಆ ಪಂಪನ್ನು ಕಟ್ಟಿಹಾಕುವ ಇನ್ನೊಂದು ಪದಾರ್ಥವೂ ಇರುವುದು 2000ನೇ ಇಸವಿಯಲ್ಲಿ ಪ್ರಕಟವಾಯಿತು. ಗಿಡವು ಮದ್ದನ್ನೂ ಮದ್ದಿಗೆ ದಾರಿ ಬಿಡಿಸುವುದನ್ನೂ ಜೊತೆಯಾಗಿಯೇ ಇಟ್ಟುಕೊಂಡಿದೆ. ಹಳೆಯ ಆ್ಯಂಟಿಬಯೋಟಿಕ್‌ಗಳಿಗೆ ಇಂಥ ಜೊತೆಗಾರರನ್ನು ಎಲೆಗಳಲ್ಲಿ ಹುಡುಕುವುದು ಸಾರ್ಥಕವಾದ ಕೆಲಸವೆಂದು ನಾನು ನಂಬಿದ್ದೇನೆ.

ಪ್ರಶ್ನೆ: ಪ್ರತಿದಿನ ಬೆಳಿಗ್ಗೆ ಒಂದು ಲೋಟ ಕಹಿಬೇವಿನ ಎಲೆಯ ರಸ ಕುಡಿಯಬಹುದೇ?
— ಪೆರ್ಲ

ಉತ್ತರ: ಬೇಡ. ಯುಗಾದಿಯ ದಿನ ಬೆಲ್ಲದೊಂದಿಗೆ ತಿನ್ನುವ ನಾಲ್ಕು ಎಲೆಗೂ ದಿನಾ ಕುಡಿಯುವ ಒಂದು ಲೋಟ ರಸಕ್ಕೂ ಬಹಳ ಅಂತರವಿದೆ. ಗರ್ಭಿಣಿಯರು ಕುಡಿಯಲೇಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಲ್ಲಿ ರಕ್ತದ ಸಕ್ಕರೆ ಅತಿಯಾಗಿ ಇಳಿಯುವ ಸಂಭವವಿದೆ. ಎಳೆಯ ಮಕ್ಕಳಿಗೆ ಬೇವಿನೆಣ್ಣೆಯನ್ನು ಹೊಟ್ಟೆಗೆ ಹಾಕಿದಾಗ ವಾಂತಿ, ಅಪಸ್ಮಾರ ಉಂಟಾಗಿ ಪ್ರಾಣಹಾನಿಯೂ ಆಗಿರುವುದು ವೈದ್ಯಕೀಯವಾಗಿ ದಾಖಲಾಗಿದೆ. ಮನೆಯಲ್ಲಿ ಬೇವಿನೆಣ್ಣೆಯ ಶೀಶೆಯಿದ್ದರೆ ಮಕ್ಕಳ ಕೈಗೆ ಎಟುಕದಂತೆ ಇಂದೇ ಮೇಲಿಡಿ.