ಹಿಂದೂಸ್ತಾನಿ, ವೀಣೆ ಕೇಳೋಕೆ 40 ಸಾವಿರದೊಳಗೆ ಯಾವ ಇನ್-ಇಯರ್ ಇಯರ್‌ಫೋನ್ ತಗೊಳ್ಳಲಿ?

ನಮಸ್ಕಾರ. ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ದಿನಾ ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಮೆಟ್ರೋ, ಹೋಗಿ ಬರೋಕೆ ಎರಡೂವರೆ ಗಂಟೆ. ಕೇಳೋದು ಹಿಂದೂಸ್ತಾನಿ ಗಾಯನ, ವೀಣೆ, ನಡುನಡುವೆ ಹಳೇ ಚಿತ್ರಗೀತೆ. ಫೋನಿಗೆ ಜ್ಯಾಕ್ ಇಲ್ಲ. ಎಷ್ಟು ಡ್ರೈವರ್ (ಸದ್ದು ಹೊರಡಿಸೋ ಪುಟ್ಟ ಸ್ಪೀಕರ್) ಇರೋದು ಒಳ್ಳೇದು, ಬೇರೆ ಪ್ಲೇಯರ್ ಬೇಕಾ, ವೈರ್‌ಲೆಸ್ ಸಾಕಾ ಅಂತ ಕೇಳಿದ್ದೀರಿ. ನಾನು ಅಂಗಡಿಯವನಲ್ಲ, ಬರೀ ಕೇಳುಗ. ಹತ್ತು ವರ್ಷದಿಂದ ಹೀಗೇ ಓಡಾಡುತ್ತಾ ಸಂಗೀತ ಕೇಳುತ್ತಿದ್ದೇನೆ. ಅದರಿಂದ ಗೊತ್ತಾಗಿದ್ದನ್ನು ಹೇಳುತ್ತೇನೆ.

ಡ್ರೈವರ್ ಲೆಕ್ಕ ಸದ್ಯಕ್ಕೆ ಬದಿಗಿಡಿ. ಇಯರ್‌ಫೋನು ನಿಮ್ಮ ಎರಡೂ ಕಿವಿಯಲ್ಲಿ ಗಾಳಿ ಸೋರದ ಹಾಗೆ ಕೂರುತ್ತಾ? ಇದೇ ಮೊದಲ ಪ್ರಶ್ನೆ. ಇದಕ್ಕೆ ಉತ್ತರ ಸಿಗೋ ತನಕ ಯಾವ ಬ್ರ್ಯಾಂಡೂ, ಯಾವ ಬೆಲೆಯೂ ಲೆಕ್ಕಕ್ಕೆ ಬರೋದಿಲ್ಲ.

ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ, ನನಗೆ ಇದು ಗೊತ್ತಾಗಲು ಎಂಟು ತಿಂಗಳು ಹಿಡಿಯಿತು. ಕೆಲವು ವರ್ಷದ ಹಿಂದೆ ದುಡ್ಡು ಕೂಡಿಟ್ಟು ಒಂದು ದುಬಾರಿ ಇಯರ್‌ಫೋನ್ ತರಿಸಿದೆ. ಒಂದೊಂದು ಕಡೆಗೂ ಐದು ಡ್ರೈವರ್. ರಾತ್ರಿ ಊಟ ಮುಗಿಸಿ, ದೀಪ ಆರಿಸಿ, ನನಗೆ ತುಂಬಾ ಇಷ್ಟವಾದ ಒಂದು ವಿಲಂಬಿತ ಖಯಾಲ್ ಹಾಕಿದೆ. ತಂಬೂರಿ ಇರಬೇಕಾದ ಜಾಗದಲ್ಲಿ ಏನೋ ತೆಳ್ಳಗೆ ಝಿರ್ ಅನ್ನುತ್ತಿತ್ತು. ತಬಲಾ ಜೋಡಿಯಲ್ಲಿ ಎಡಗೈಯ ಬಾಯಾಂ ಪೆಟ್ಟು ರಟ್ಟಿನ ಡಬ್ಬಿ ತಟ್ಟಿದ ಹಾಗಿತ್ತು. ಗಾಯಕರು 'ಸ' ಅಂದಾಗಲೆಲ್ಲ ಕಿವಿಗೆ ಸೂಜಿ ತಾಗಿದಂತೆ. ಇಯರ್‌ಫೋನೇ ಹೀಗೆ ಅಂದುಕೊಂಡೆ. ಸ್ವಲ್ಪ ದಿನ ಒದ್ದಾಡಿ ಡ್ರಾಯರಿಗೆ ಹಾಕಿಬಿಟ್ಟೆ.

ಆಮೇಲೆ ಒಂದು ಹಬ್ಬಕ್ಕೆ ನಮ್ಮ ಅತ್ತೆ ಮಗಳು ಮನೆಗೆ ಬಂದಿದ್ದಳು. ಕಿವಿ ಕೇಳದವರಿಗೆ ಶ್ರವಣ ಸಾಧನ ಅಳತೆ ಮಾಡಿ ಕೊಡೋದು ಅವಳ ಕೆಲಸ. ಮಾತಿನ ನಡುವೆ ಇದನ್ನು ತೋರಿಸಿದೆ. ನಾನು ಹಾಕಿಕೊಂಡಿದ್ದನ್ನು ನೋಡಿದವಳೇ, "ಎರಡೂ ಕಿವಿಗೆ ಒಂದೇ ಸೈಜ್ ಟಿಪ್ ಯಾಕೋ ಹಾಕ್ಕೊಂಡಿದ್ದೀಯ?" ಅಂದಳು. ಟಿಪ್ ಅಂದರೆ ಕಿವಿಯೊಳಗೆ ಕೂರೋ ಮೆತ್ತನೆ ತುದಿ. ಬ್ಯಾಗಿನಿಂದ ಸಣ್ಣ ಟಾರ್ಚ್ ತೆಗೆದು ಎರಡೂ ಕಿವಿ ನೋಡಿದಳು. ನನ್ನ ಎಡಗಿವಿಯ ನಾಳ ಬಲಗಿವಿಗಿಂತ ಅಗಲವಂತೆ. ಬಲಕ್ಕೆ ಮೀಡಿಯಂ ಬಿಟ್ಟು ಎಡಕ್ಕೆ ಲಾರ್ಜ್ ಹಾಕಿದಳು. ಕಿವಿಯ ಮೇಲ್ತುದಿಯನ್ನು ಹಿಂದಕ್ಕೆ ಮೇಲಕ್ಕೆ ಎಳೆದು, ಟಿಪ್ಪನ್ನು ಸ್ವಲ್ಪ ತಿರುಗಿಸುತ್ತಾ ಒಳಗೆ ಕೂರಿಸಿದಳು. ಅದೇ ಖಯಾಲ್ ಮತ್ತೆ ಹಾಕಿದೆ. ತಂಬೂರಿಯ ಖರ್ಜದ ತಂತಿ, ಅಂದರೆ ಎಲ್ಲಕ್ಕಿಂತ ಕೆಳಗಿನ ಸ್ವರದ ಕೊನೇ ತಂತಿ, ತಲೆ ಪೂರ್ತಿ ತುಂಬಿಕೊಂಡಿತು. ಕೂತಲ್ಲೇ ಕೂತು ಇಡೀ ರಾಗ ಕೇಳಿದೆ. ಖರ್ಚಾಗಿದ್ದು ಒಂದು ರೂಪಾಯಿಯೂ ಇಲ್ಲ. ಆ ಲಾರ್ಜ್ ಟಿಪ್ ಮೊದಲ ದಿನದಿಂದ ಡಬ್ಬಿಯಲ್ಲೇ ಇತ್ತು!

ಇದರ ಹಿಂದಿನ ಕಾರಣ ಸರಳ. ಗಂಡಸರು ಹಾಡುವಾಗ ಆಧಾರ ಷಡ್ಜ ಸಾಮಾನ್ಯವಾಗಿ 130-140 ಹರ್ಟ್ಸ್ ಆಸುಪಾಸು ಇರುತ್ತದೆ. ತಂಬೂರಿಯ ಕೊನೇ ತಂತಿ ಅದರ ಅರ್ಧ, ಅಂದರೆ 65-70 ಹರ್ಟ್ಸ್. ಇಷ್ಟು ಚಿಕ್ಕ ಡ್ರೈವರ್ ಅಷ್ಟು ಕೆಳಗಿನ ಸ್ವರವನ್ನು ಕೇಳಿಸಬೇಕಾದರೆ ಕಿವಿಯೊಳಗೆ ಗಾಳಿ ಮುಚ್ಚಿಕೊಂಡಿರಲೇಬೇಕು. ಕೂದಲೆಳೆಯಷ್ಟು ಸಂದಿ ಇದ್ದರೂ ಮೊದಲು ಹೋಗೋದು ಬೇಸ್. ಬೇಸ್ ಹೋದ ಮೇಲೆ ಮೇಲಿನ ಸ್ವರಗಳೆಲ್ಲ ಎದ್ದು ಚುಚ್ಚುತ್ತವೆ. ರಿವ್ಯೂಗಳಲ್ಲಿ ಒಂದೇ ಇಯರ್‌ಫೋನನ್ನು ಒಬ್ಬರು 'ಬೇಸ್ ಜಾಸ್ತಿ' ಅನ್ನೋದು, ಇನ್ನೊಬ್ಬರು 'ಬೇಸೇ ಇಲ್ಲ' ಅನ್ನೋದು ನೋಡಿರುತ್ತೀರಿ. ಬಹಳ ಸಲ ಇಬ್ಬರ ಕಿವಿಯಲ್ಲಿ ಅದು ಕೂತಿರೋ ರೀತಿಯೇ ಬೇರೆ.

ಹಾಗಾಗಿ ಅಂಗಡಿಗೆ ಹೋಗಿ ಹಾಕಿ ನೋಡಿ. ನಿಮ್ಮದೇ ಫೋನು, ನಿಮ್ಮದೇ ಹಾಡು ಒಯ್ಯಿರಿ. ಅವರು ಹಾಕೋ ಡೆಮೋ ಹಾಡು ಎಲ್ಲದರಲ್ಲೂ ಚೆನ್ನಾಗಿಯೇ ಕೇಳುತ್ತದೆ. ಮೊದಲು ಬರೀ ತಂಬೂರಿ ನುಡಿಸಿ. ತಂಬೂರಿ ಆ್ಯಪ್ ಇದ್ದರೂ ಸಾಕು. ಇಯರ್‌ಫೋನನ್ನು ಬೆರಳಿನಿಂದ ಮೆಲ್ಲಗೆ ಒಳಕ್ಕೆ ಒತ್ತಿ. ಒತ್ತಿದಾಗ ಖರ್ಜ ಜಾಸ್ತಿ ಆಯಿತು ಅಂದರೆ ಆ ಟಿಪ್ ಸೋರುತ್ತಿದೆ, ಸೈಜ್ ಬದಲಿಸಿ. ಆಮೇಲೆ ಬಾಯಿ ಅಗಲಿಸಿ, ಏನಾದರೂ ಅಗಿದ ಹಾಗೆ ದವಡೆ ಆಡಿಸಿ. ಆಗಲೂ ಸ್ವರ ಒಂದೇ ಸಮ ಇರಬೇಕು. ಕೊನೆಗೆ ಇಪ್ಪತ್ತು ನಿಮಿಷ ಹಾಗೇ ಹಾಕಿಕೊಂಡಿರಿ. ಐದು ನಿಮಿಷಕ್ಕೆ ಹಿತ ಅನ್ನಿಸಿದ್ದು ಇಪ್ಪತ್ತಕ್ಕೆ ನೋಯಲು ಶುರುವಾಗಬಹುದು. ನೀವು ಎರಡೂವರೆ ಗಂಟೆ ಹಾಕಿಕೊಳ್ಳೋರು, ಇದು ಮುಖ್ಯ ಅಲ್ವಾ?

ಈಗ ಡ್ರೈವರ್ ವಿಷಯಕ್ಕೆ ಬರೋಣ. ಬ್ಯಾಲೆನ್ಸ್ಡ್ ಆರ್ಮೇಚರ್ ಅನ್ನೋ ಪುಟಾಣಿ ಡ್ರೈವರ್ ಬಂದಿದ್ದೇ ಶ್ರವಣ ಸಾಧನದಿಂದ. ಅಮೆರಿಕದ ಎಟಿಮೋಟಿಕ್ ಕಂಪನಿ 1991ರಲ್ಲಿ ಇಆರ್-4 ಅನ್ನೋ ಇಯರ್‌ಫೋನ್ ತಂದಿತು. ಅದರಲ್ಲಿ ಕಡೆಗೊಂದರಂತೆ ಇದ್ದದ್ದು ಅಂಥ ಒಂದೇ ಡ್ರೈವರ್. 1995ರಲ್ಲಿ ಶುರುವಾದ ಅಲ್ಟಿಮೇಟ್ ಇಯರ್ಸ್, ವೇದಿಕೆಯ ಮೇಲೆ ನುಡಿಸುವವರ ಕಿವಿಯ ಅಚ್ಚು ತೆಗೆದು ಮಾಡಿಕೊಟ್ಟಿತು. 'ಇನ್-ಇಯರ್ ಮಾನಿಟರ್', ಐಇಎಂ ಅನ್ನೋ ಹೆಸರು ಆ ವೇದಿಕೆಯ ಬಳಕೆಯದು. 2013ರಲ್ಲಿ ಬಂದ ಶೂರ್ ಎಸ್‌ಇ846ರಲ್ಲಿ ಕಡೆಗೆ ನಾಲ್ಕು ಡ್ರೈವರ್. 2021ರಲ್ಲಿ ಬಂದ ಸೆನ್‌ಹೈಸರ್ ಐಇ 900ರಲ್ಲಿ 7 ಮಿಲಿಮೀಟರಿನ ಒಂದೇ ಡೈನಮಿಕ್ ಡ್ರೈವರ್, ಅಂದರೆ ಮಾಮೂಲಿ ಸ್ಪೀಕರಿನ ಹಾಗೆ ಪೊರೆ ಅದುರುವ ಬಗೆಯದು. ಇದು ಅದಕ್ಕಿಂತ ದುಬಾರಿ! ಡ್ರೈವರ್ ಜಾಸ್ತಿ ಆದಷ್ಟೂ ಅವನ್ನು ಒಂದಕ್ಕೊಂದು ಹೊಂದಿಸೋ ಕೆಲಸ ಜಾಸ್ತಿ. ಹೊಂದಿಸಿದವರ ಕೈ ಚೆನ್ನಾಗಿದ್ದರೆ ಐದೂ ಚೆನ್ನ, ಒಂದೂ ಚೆನ್ನ.

ನಿಮಗೆ ಬೇಕಾದ ಸಂಗೀತಕ್ಕೆ ನಾನು ಗಮನ ಇಡೋದು ಟ್ಯೂನಿಂಗ್ ಮೇಲೆ. ಯಾವ ಸ್ವರ ಎಷ್ಟು ಎದ್ದು ಕಾಣಬೇಕು ಅಂತ ತಯಾರಿಸಿದವರು ಮಾಡಿರುವ ಹದ ಅದು. ನಮ್ಮ ಕಿವಿಯ ನಾಳ ಸುಮಾರು 3 ಸಾವಿರ ಹರ್ಟ್ಸ್ ಹತ್ತಿರದ ಸದ್ದನ್ನು ತಾನಾಗಿಯೇ ಎತ್ತಿ ಕೇಳಿಸುತ್ತದೆ. ಇಯರ್‌ಫೋನ್ ನಾಳವನ್ನೇ ಮುಚ್ಚಿಬಿಡೋದರಿಂದ ಆ ಎತ್ತುವಿಕೆಯನ್ನು ಅದೇ ತುಂಬಿಕೊಡಬೇಕು. ಕಡಿಮೆ ಕೊಟ್ಟರೆ ಗಾಯಕರು ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಹಾಡಿದ ಹಾಗಿರುತ್ತದೆ. ಜಾಸ್ತಿ ಕೊಟ್ಟರೆ ತಾರ ಸಪ್ತಕದಲ್ಲಿ ದನಿ ಕೂಗಿದಂತಾಗುತ್ತದೆ. ನಾನು ಇದನ್ನು ಪರೀಕ್ಷೆ ಮಾಡೋದು ಗಂಗೂಬಾಯಿ ಹಾನಗಲ್ಲರ ದನಿಯಿಂದ. ಅಷ್ಟು ಘನವಾದ ದನಿ. ಕೆಳಗೆ ಅದರ ತೂಕ ಉಳಿಯಬೇಕು, ಮೇಲಕ್ಕೆ ಹೋದಾಗ ಅಂಚು ಸೀಳಬಾರದು. ಎರಡೂ ಒಟ್ಟಿಗೆ ಬಂದರೆ ಆ ಇಯರ್‌ಫೋನ್ ನನಗೆ ಪಾಸು.

ವೀಣೆಗೆ ದೊರೆಸ್ವಾಮಿ ಅಯ್ಯಂಗಾರರನ್ನು ಕೇಳಿ. ಅನುಮಂದ್ರ ತಂತಿ ಮೀಟಿದಾಗ ಬೆರಳು ತಂತಿ ಬಿಟ್ಟ ಆ ಚಿಟಕು ಮೊದಲು, ಅದರ ಬೆನ್ನಿಗೇ ಮರದ ಕೊಡದ ಗುಂಗು. ಆಮೇಲೆ ಗಮಕದಲ್ಲಿ ಎಳೆದ ಸ್ವರ ಎಲ್ಲಿಯವರೆಗೆ ಉಳಿಯುತ್ತದೆ ನೋಡಿ. ಕೆಲವು ಇಯರ್‌ಫೋನಿನಲ್ಲಿ ಚಿಟಕು ಮಾತ್ರ ಕೇಳುತ್ತದೆ, ಗುಂಗು ಬೇಗ ಸಾಯುತ್ತದೆ. ಇನ್ನು ಕೆಲವುದರಲ್ಲಿ ಗುಂಗೇ ಎಲ್ಲವನ್ನೂ ನುಂಗುತ್ತದೆ. ಈ ಒಂದು ಪರೀಕ್ಷೆಗೆ ನಾನು ನೂರು ಗ್ರಾಫಿಗಿಂತ ಜಾಸ್ತಿ ಬೆಲೆ ಕೊಡುತ್ತೇನೆ.

ಇನ್ನೊಂದು ಮಾತು, ಹಳೇ ಧ್ವನಿಮುದ್ರಣದ್ದು. ಆಕಾಶವಾಣಿಯ ಹಳೇ ಟೇಪು, ಹಳೇ ಚಿತ್ರಗೀತೆ ಎಲ್ಲ ಹೆಚ್ಚಿನವು ಮೋನೋ. ಹಿಂದೆ ಸರ್ರ್ ಅನ್ನೋ ಸದ್ದು ಇದ್ದೇ ಇರುತ್ತದೆ. ಟ್ರೆಬಲ್ ಜಾಸ್ತಿ ಇರೋ ಇಯರ್‌ಫೋನ್ ಆ ಸದ್ದನ್ನೇ ಮೊದಲು ಕೈಗಿಡುತ್ತದೆ. ಹೊಸ ಹಾಡಿನಲ್ಲಿ 'ಎಷ್ಟು ಸ್ಪಷ್ಟ' ಅನ್ನಿಸಿದ್ದು ನಿಮ್ಮ ಹಳೇ ಹಾಡಿನಲ್ಲಿ ತಲೆನೋವು ತರಬಹುದು. ಮೇಲಿನ ಸ್ವರಗಳು ಸ್ವಲ್ಪ ಮೆತ್ತಗಿರೋದನ್ನೇ ನೋಡಿ.

ಹೆಸರು ಕೇಳಿದ್ದೀರಿ, ಹೇಳುತ್ತೇನೆ. ಬೆಲೆ ಏರಿಳಿಯುತ್ತಿರುತ್ತದೆ, ಕೊಳ್ಳುವ ದಿನ ನೋಡಿಕೊಳ್ಳಿ. ಎಟಿಮೋಟಿಕ್ ಇಆರ್4ಎಕ್ಸ್ಆರ್ ಸಿಕ್ಕರೆ ಮೊದಲು ಅದನ್ನು ಹಾಕಿ ನೋಡಿ. ಮೂರು ಕೊಡೆಯ ಹಾಗಿರುವ ಟಿಪ್ ಕಿವಿಯೊಳಗೆ ಆಳಕ್ಕೆ ಹೋಗುತ್ತದೆ. ಮಾಗಡಿ ರೋಡ್ ದಾಟಿ ಮೆಟ್ರೋ ಸುರಂಗಕ್ಕೆ ಇಳಿದಾಗ ಏಳುತ್ತದಲ್ಲ ಆ ಗದ್ದಲ, ಅದು ಹತ್ತಿ ಸುತ್ತಿಟ್ಟ ಹಾಗೆ ದೂರ ಆಗುತ್ತದೆ. ಗಾಯನಕ್ಕೆ ಬಹಳ ನಿಜವಾದ ದನಿ. ಆದರೆ ಆಳಕ್ಕೆ ಹೋಗೋದು ಎಲ್ಲರಿಗೂ ಒಗ್ಗೋದಿಲ್ಲ. ವೈರು ಅಂಗಿಗೆ ಉಜ್ಜಿದರೆ ಕಿವಿಯಲ್ಲಿ ಗರಗರ ಕೇಳುತ್ತದೆ, ಕ್ಲಿಪ್ ಹಾಕಲೇಬೇಕು. ಮೂನ್‌ಡ್ರಾಪ್ ಬ್ಲೆಸ್ಸಿಂಗ್ 3ರಲ್ಲಿ ಎರಡು ಡೈನಮಿಕ್, ನಾಲ್ಕು ಆರ್ಮೇಚರ್ ಇವೆ. ವಾದ್ಯಗಳು ಒಂದರಿಂದೊಂದು ಬಿಡಿಬಿಡಿಯಾಗಿ ಕೇಳುತ್ತವೆ. ಅದರ ಮೂತಿ ದಪ್ಪ, ಸಣ್ಣ ಕಿವಿಯವರಿಗೆ ನೋವು. ಜಪಾನಿನ ಫೈನಲ್ ಅನ್ನೋ ಕಂಪನಿಯ ಇ5000ದು ಬೆಚ್ಚಗಿನ, ಮೆತ್ತಗಿನ ದನಿ. ಹಳೇ ಧ್ವನಿಮುದ್ರಣಕ್ಕೆ ಹೇಳಿ ಮಾಡಿಸಿದ್ದು. ಅದಕ್ಕೆ ಸ್ವಲ್ಪ ಜೋರು ಕೊಡಬಲ್ಲ ಡಾಂಗಲ್ (ಫೋನಿಗೂ ವೈರಿಗೂ ನಡುವೆ ಸಿಕ್ಕಿಸೋ ಪುಟ್ಟ ಸಾಧನ) ಬೇಕು. ನನ್ನನ್ನೇ ಒಂದು ಆರಿಸು ಅಂದರೆ, ನಿಮ್ಮ ಮೆಟ್ರೋಗೂ ನಿಮ್ಮ ಗಾಯನಕ್ಕೂ ಎಟಿಮೋಟಿಕ್ ಅನ್ನುತ್ತೇನೆ. ಕಿವಿ ಒಪ್ಪದಿದ್ದರೆ ಫೈನಲ್ ಇ5000.

ಬೇರೆ ಪ್ಲೇಯರ್ ಈಗಲೇ ಬೇಡ. ಫೋನಿನ ಟೈಪ್-ಸಿ ತೂತಿಗೆ ಹಾಕೋ ಪುಟ್ಟ ಡಾಂಗಲ್ ಸಾಕು. ಆ್ಯಪಲ್‌ನವರ ಸಣ್ಣ ಅಡಾಪ್ಟರ್ ಕೂಡ ಒಳ್ಳೇದೇ. ಆದರೆ ಕೆಲವು ಆಂಡ್ರಾಯ್ಡ್ ಫೋನಿನಲ್ಲಿ ಅದರ ಸದ್ದು ಪೂರ್ತಿ ಏರೋದಿಲ್ಲ, ಕೊಳ್ಳುವ ಮುಂಚೆ ನೋಡಿ. ಡಾಂಗಲ್ಲಿನ ಔಟ್‌ಪುಟ್ ಇಂಪೀಡೆನ್ಸ್ (ವಿದ್ಯುತ್ತಿಗೆ ಅದು ಒಡ್ಡೋ ತಡೆ) ಕಡಿಮೆ ಇರಲಿ, 1 ಓಮ್ ಆಸುಪಾಸು. ಅದು ಜಾಸ್ತಿ ಆದರೆ ಹಲವು ಆರ್ಮೇಚರ್ ಇರೋ ಇಯರ್‌ಫೋನಿನ ಟ್ಯೂನಿಂಗೇ ಬದಲಾಗುತ್ತದೆ.

ವೈರ್‌ಲೆಸ್ ಆರಾಮ, ಒಪ್ಪುತ್ತೇನೆ. ಮೆಟ್ರೋದ ಗುಡುಗುಡು ಸದ್ದನ್ನು ನಾಯ್ಸ್ ಕ್ಯಾನ್ಸಲಿಂಗ್ ಚೆನ್ನಾಗಿ ತಗ್ಗಿಸುತ್ತದೆ. ಆದರೆ ಅದರೊಳಗಿನ ಪುಟ್ಟ ಬ್ಯಾಟರಿ ಮೂರು ನಾಲ್ಕು ವರ್ಷಕ್ಕೆ ಸೋಲುತ್ತದೆ, ಬದಲಿಸೋದು ಕಷ್ಟ. 40 ಸಾವಿರ ಹಾಕುವಾಗ, ವೈರು ಬಿಚ್ಚಿ ಬೇರೆ ಹಾಕಲು ಬರೋ ಇಯರ್‌ಫೋನೇ ಮೇಲು. ಮೊದಲು ಹಾಳಾಗೋದು ಯಾವಾಗಲೂ ವೈರೇ. ನನ್ನದು ಈಗ ಮೂರನೇ ವೈರಿನ ಮೇಲಿದೆ.

ಅಂದ ಹಾಗೆ, ಪೂರ್ತಿ 40 ಸಾವಿರವನ್ನೂ ಇಯರ್‌ಫೋನಿಗೇ ಹಾಕಬೇಡಿ. ಎರಡು ಮೂರು ಬಗೆಯ ಟಿಪ್‌ಗೆ ಸ್ವಲ್ಪ ಉಳಿಸಿ. ಸಿಲಿಕಾನ್ ಕೂರದಿದ್ದರೆ ಫೋಮ್ ಹಾಕಿ ನೋಡಿ. ಬೆರಳಿನಲ್ಲಿ ಒತ್ತಿ ಸಣ್ಣ ಮಾಡಿ ಕಿವಿಗಿಟ್ಟು ಅರ್ಧ ನಿಮಿಷ ಹಿಡಿದರೆ ಅರಳಿ ಕೂರುತ್ತದೆ. ಅದು ಟ್ರೆಬಲ್ಲನ್ನೂ ಸ್ವಲ್ಪ ಮೆತ್ತಗೆ ಮಾಡುತ್ತದೆ, ಕೆಲವು ತಿಂಗಳಿಗೊಮ್ಮೆ ಬದಲಿಸಬೇಕು ಅಷ್ಟೇ. ರಾತ್ರಿ ಇಡುವಾಗ ಮೂತಿಯ ಜಾಲರಿಯನ್ನು ಮೆತ್ತನೆ ಬ್ರಷ್ಷಿನಿಂದ ಒರೆಸಿ. ಒಂದು ಕಡೆ ಸದ್ದು ಕಡಿಮೆ ಆಯಿತು ಅಂತ ಗಾಬರಿಯಾಗಿ ರಿಪೇರಿಗೆ ಒಯ್ಯುವವರಲ್ಲಿ ಎಷ್ಟೋ ಜನಕ್ಕೆ ಇರೋದು ಬರೀ ಕಿವಿಯ ಗುಗ್ಗೆ. ಮಳೆಗಾಲದಲ್ಲಿ ಡಬ್ಬಿಯೊಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ.

ಕೊನೆಗೆ ವಾಲ್ಯೂಮ್. ಇದನ್ನು ದಯವಿಟ್ಟು ಹಗುರವಾಗಿ ತಗೋಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಹೇಳೋ ಪ್ರಕಾರ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ 4 ಗಂಟೆ ಮಾತ್ರ. ನಿಮ್ಮ ಓಡಾಟವೇ ವಾರಕ್ಕೆ ಹನ್ನೆರಡು ಗಂಟೆ ದಾಟುತ್ತದೆ. ಹೊರಗಿನ ಸದ್ದು ಒಳಗೆ ಬಂದರೆ ನಾವು ಗೊತ್ತಿಲ್ಲದೇ ವಾಲ್ಯೂಮ್ ಏರಿಸುತ್ತೇವೆ. ಚೆನ್ನಾಗಿ ಕೂತ ಇಯರ್‌ಫೋನಿನಲ್ಲಿ ಏರಿಸೋ ಅಗತ್ಯವೇ ಬರೋದಿಲ್ಲ. ಮನೆಯಲ್ಲಿ ನಿಶ್ಶಬ್ದ ಇದ್ದಾಗ ಎಷ್ಟರಲ್ಲಿ ಹಿತವಾಗಿ ಕೇಳುತ್ತದೋ ಆ ಗೆರೆ ಗುರುತು ಇಟ್ಟುಕೊಳ್ಳಿ. ಮೆಟ್ರೋದಲ್ಲಿ ಅದರ ಮೇಲೆ ಒಂದೆರಡು ಗೆರೆಗಿಂತ ಹೆಚ್ಚು ಬೇಕಾದರೆ ಟಿಪ್ ಮತ್ತೆ ನೋಡಿ. ಸ್ಟೇಷನ್ನಿನಿಂದ ಹೊರಗೆ ಬಂದು ರಸ್ತೆ ದಾಟುವಾಗ ಎರಡೂ ತೆಗೆದುಬಿಡಿ, ಹಾಕಿಕೊಂಡಿದ್ದರೆ ಹಾರ್ನ್ ಸರಿಯಾಗಿ ಕೇಳೋದಿಲ್ಲ.

ಅಂಗಡಿಗೆ ಹೋಗಿ ಬಂದ ಮೇಲೆ ಯಾವ ಕಿವಿಗೆ ಯಾವ ಸೈಜ್ ಕೂತಿತು, ಖರ್ಜ ಹೇಗೆ ಕೇಳಿತು ಅಂತ ಇಲ್ಲೇ ಬರೆಯಿರಿ. ಅದನ್ನು ನೋಡಿ ಮುಂದಿನದು ಮಾತಾಡೋಣ.